ತಪ್ಪಿ ಬಂದ ರೊಟ್ಟಿ

ನಮ್ಮ ಓಣಿಯ ಹೆಸರು ಹೇಳಿದರೆ
ಫೆಸ್ ಊರಿನವರೇ ತಡವರಿಸುತ್ತಾರೆ.
ಕತ್ತೆಯೊಂದು ಮೈ ಉಜ್ಜಿಕೊಂಡು ಸಾಗುವಷ್ಟು ಅಗಲ,
ಕೊನೆಯಲ್ಲಿ ಮೂರು ಮೆಟ್ಟಿಲಿಳಿದರೆ ಬೂಶ್ತಾನ ಒಲೆ.

ಮನೆಮನೆಯ ಹಿಟ್ಟು ಹಲಗೆಯ ಮೇಲೆ ಬಟ್ಟೆ ಹೊದ್ದು
ಮಕ್ಕಳ ತಲೆಯೇರಿ ಅಲ್ಲಿಗೆ ಹೋಗುತ್ತಿತ್ತು.
ಗುರುತಿಲ್ಲ, ಚೀಟಿಯಿಲ್ಲ.
ಅವನು ಅಂಚು ಮುಟ್ಟಿದರೆ ಸಾಕು:
ಇದು ಘೀತಾಳದು, ಅವಸರದ ಕೈ;
ಇದು ಯಾಮ್ನಾಳದು, ಸೋಂಪು ಹೆಚ್ಚು;
ಇದು ಇವತ್ತು ಗಂಡನೊಡನೆ ಮುನಿಸಿಕೊಂಡವಳದು,
ನಾದಿದ್ದು ಅತಿಯಾಗಿದೆ.
ಆ ಕೊನೆಯವಳು ನಾನು.

ಕಣ್ಣಿಗೆ ಪೊರೆ ಬಂದಮೇಲೂ
ಒಂದು ರೊಟ್ಟಿ ಮನೆ ತಪ್ಪಲಿಲ್ಲ.

ಹೋದ ಚಳಿಗಾಲ ಕಚೇರಿಯವರು ಬಂದರು,
ಕ್ಯಾಮೆರಾ, ಮೈಕು, ಹನ್ನೊಂದು ಪುಟದ ನಮೂನೆ.
"ಹೇಗೆ ಗುರುತಿಸುತ್ತೀರಿ?"
ಬೂಶ್ತಾ ಹಿಟ್ಟಿನ ಕೈ ತಿರುವಿ ತಿರುವಿ ನೋಡಿಕೊಂಡ,
ಅಲ್ಲೇನೋ ಬರೆದಿದೆ ಎಂಬಂತೆ.
"ಗೋಡೆಯಾಚೆ ಕೆಮ್ಮಿದರೆ ಯಾರೆಂದು ತಿಳಿಯದೇ? ಹಾಗೇ."
ಆ ಮಾತಿಗೆ ನಮೂನೆಯಲ್ಲಿ ಜಾಗವಿರಲಿಲ್ಲ.

ಅವರು ಹೋದಮೇಲೆ ನಮಗೆ ನಾಚಿಕೆಯಾಯಿತು.
ಅರ್ಧ ಓಣಿ ಗ್ಯಾಸಿನ ಒಲೆಗೆ ತಿರುಗಿ ವರುಷಗಳಾಗಿದ್ದವು;
ನನ್ನದು ಕಂತಿನದು, ಇನ್ನೂ ತೀರಿಲ್ಲ.
ಹಲಗೆ ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು.
ಇಳಿಸಿದೆವು.

ಆಗಲೇ ಬಂದಳು ಶಾಮಾ, ಕಲಿಯುತ್ತೇನೆಂದು.
ಹದಿನೇಳು ವರ್ಷ, ಬಾಯಲ್ಲಿ ಗಮ್.
"ಹೆಣ್ಣು ಹುಡುಗಿ, ಬೆಂಕಿಯ ಮುಂದೆ?" ಎಂದವರಿಗೆ ಬೂಶ್ತಾ
ದೋಣಿಯ ಹುಟ್ಟಿನಂಥ ಆ ಉದ್ದ ಸಲಿಕೆಯನ್ನು
ಅವಳ ಕೈಗಿತ್ತು ಉತ್ತರಿಸಿದ.

ಆಮೇಲೆ ಎರಡು ತಿಂಗಳು
ಓಣಿಯಲ್ಲಿ ಯಾರೂ ತಮ್ಮ ರೊಟ್ಟಿ ತಿನ್ನಲಿಲ್ಲ.
ನನಗೆ ಯಾಮ್ನಾಳ ಸೋಂಪು ಬಂತು,
ಘೀತಾಳಿಗೆ ನನ್ನ ಮುನಿಸು.
ಚರ್ಮ ಹದಮಾಡುವ ಮಕ್ಕಿಗೆ
ಮದುವೆ ಮನೆಯ ಎಳ್ಳಿನ ರೊಟ್ಟಿ, ಮೂರು ದಿನ;
ಅವನೊಬ್ಬ ಮಾತ್ರ
ತಪ್ಪೇ ಆಗಿಲ್ಲವೆಂದು ವಾದಿಸಿದ.

ಯಾರೂ ವಾಪಸು ಕಳಿಸಲಿಲ್ಲ.
ತಿಂದೆವು. ಮರುದಿನ ಒಲೆಯ ಮುಂದೆ ನಿಂತು ಹೇಳಿದೆವು:
"ನಿನ್ನೆಯದು ನನ್ನದಲ್ಲ ಮಗಳೇ,
ನನ್ನದರ ತಳ ಹೀಗಿರುತ್ತದೆ, ಮುಟ್ಟು."
ಹೇಳಹೋಗಿ, ನಲವತ್ತು ವರ್ಷದಲ್ಲಿ ಮೊದಲ ಸಲ
ನನ್ನ ರೊಟ್ಟಿಯ ತಳ ನಾನೇ ಮುಟ್ಟಿ ನೋಡಿದೆ.

ನಮೂನೆಯ ಏಳನೇ ಪುಟ ಖಾಲಿ ಉಳಿದಿತ್ತು:
ಸಮುದಾಯದ ಪಾಲ್ಗೊಳ್ಳುವಿಕೆ, ಇದ್ದರೆ ವಿವರಿಸಿ.
ಘೀತಾ ಅವಸರದಲ್ಲೇ ಬರೆದಳು:
ಅರವತ್ತು ದಿನ ನೆರೆಯವರ ರೊಟ್ಟಿ ತಿಂದೆವು.

ಇವತ್ತು ನಾನೇ ಹಲಗೆ ಹೊತ್ತು ಹೋದೆ.
ಶಾಮಾ ಇಳಿಸಿಕೊಂಡು, ಹೆಬ್ಬೆರಳಲ್ಲಿ ಅಂಚು ಒತ್ತಿ,
ಮುಖ ನೋಡದೆ, ಗಮ್ ಅಗಿಯುತ್ತಲೇ ಕೇಳಿದಳು:
"ಮತ್ತೆ ಜಗಳವೇ?"