ತೂಕ, ಭಾರ

ವಾಲ್ಪರೈಸೊದಲ್ಲಿ ಮಟ್ಟಸವಾದ ನೆಲ ಒಂದಿಷ್ಟೇ,
ಉಳಿದದ್ದೆಲ್ಲ ಏರು.
ಕಡಲ ಮಗ್ಗುಲಿಗೆ ಕಸ್ಟಮ್ಸ್ ಕಚೇರಿ, ಬ್ಯಾಂಕು, ನನ್ನ ಜಿಮ್ಮು;
ಗುಡ್ಡದ ನೆತ್ತಿಗೆ ತಗಡಿನ ಗೋಡೆಯ ನನ್ನ ಮನೆ.
ನಡುವೆ ನೂರಾ ಅರವತ್ತೆರಡು ಮೆಟ್ಟಿಲು.
ಅದರ ಪಕ್ಕದಲ್ಲೇ ಹಳಿಯ ಮೇಲೆ
ಕಿರುಗುಟ್ಟುತ್ತ ಹತ್ತಿಳಿಯುವ ಮರದ ಡಬ್ಬಿ.

ಒಂಬತ್ತು ವರ್ಷ ಹೀಗೆ ಬದುಕಿದೆ, ನಗಬೇಡಿ:
ಸಂಜೆ ಜಿಮ್ಮಿನಲ್ಲಿ ಮೆಟ್ಟಿಲ ಯಂತ್ರದ ಮೇಲೆ
ನಿಂತಲ್ಲೇ ನಲವತ್ತು ಮಹಡಿ ಹತ್ತಿ,
ಟವೆಲಿನಲ್ಲಿ ಮುಖ ಒರೆಸಿಕೊಂಡು,
ಚಿಲ್ಲರೆ ಕೊಟ್ಟು ಡಬ್ಬಿಯಲ್ಲಿ ಕೂತು
ಮನೆಗೆ ಹೋಗುತ್ತಿದ್ದೆ.

ಕಾಲಿನಿಂದ ನೂರೆಂಬತ್ತು ಕಿಲೋ ತಳ್ಳುತ್ತಿದ್ದೆ,
ಮೆತ್ತನೆಯ ಒರಗಿಗೆ ಬೆನ್ನು ಕೊಟ್ಟು.
ಕನ್ನಡಿ ಮೆಚ್ಚಿತ್ತು.
ಓರಿಯೆಟ್ಟಾ ಮಾತ್ರ, ಹೆಂಡತಿ, ಹೇಳಿದ್ದು ಇಷ್ಟೇ:
ಈ ಅಂಗಿಯ ಗುಂಡಿ ಇನ್ನು ಹೊಲಿಯುವುದಿಲ್ಲ.

ಜೂನಿನ ಚಳಿಯಲ್ಲಿ, ಒಂದು ಮಂಗಳವಾರ, ಡಬ್ಬಿ ನಿಂತಿತು.
ಹಲ್ಲುಗಾಲಿ ಸವೆದಿದೆ ಎಂದು ರಟ್ಟು ತೂಗುಹಾಕಿದರು.
ಅವತ್ತೇ ಗ್ಯಾಸೂ ಮುಗಿದಿತ್ತು.
ಸಿಲಿಂಡರು ನಾನೇ ತರುತ್ತೇನೆ ಎಂದೆ.
ಮೂವತ್ತು ಕಿಲೋ, ನನಗೆ ಯಾವ ಲೆಕ್ಕ!

ಜಿಮ್ಮಿನ ಮೂವತ್ತು ಕಿಲೋ ಮರ್ಯಾದಸ್ಥ.
ಅದಕ್ಕೆ ಹಿಡಿ ಇದೆ, ದಾರಿ ಗೊತ್ತು,
ಮೇಲೆ ಹೋಗು ಅಂದರೆ ಹೋಗುತ್ತದೆ, ಬಾ ಅಂದರೆ ಬರುತ್ತದೆ.
ಇದು ಜಾರಿತು. ಮಂಡಿಗೆ ಬಡಿಯಿತು.
ಒಳಗೇನೋ ಹೊರಳಿ ನನ್ನನ್ನೇ ಎಡಕ್ಕೆ ವಾಲಿಸಿತು.

ಎಪ್ಪತ್ತೊಂದನೇ ಮೆಟ್ಟಿಲಲ್ಲಿ ಕೂತೆ.
ನಾಯಿಯೊಂದು ಬಂದು ಮೂಸಿ,
ತಿನ್ನುವುದಲ್ಲ ಎಂದು ಹೋಯಿತು.

ಆಗ ಕೆಳಗಿನಿಂದ ಎದುವಿಹಿಸ್, ಗ್ಯಾಸಿನಂಗಡಿಯವಳು,
ಅರವತ್ತರ ಹತ್ತಿರ, ನನ್ನ ಭುಜಕ್ಕೆ ಬರುವಷ್ಟು ಎತ್ತರ,
ಹೆಗಲ ಮೇಲೆ ಸಿಲಿಂಡರು, ಹಲ್ಲಿನ ನಡುವೆ ರಶೀದಿ.
ರಶೀದಿ ತೆಗೆದು ಕೇಳಿದಳು:
ದೋನ್ ನೋಲ್ಬೆರ್ತೊ, ಯಾಕೆ ಅಷ್ಟು ದೂರ ಹಿಡಿದಿರಿ,
ಬೇರೆಯವರ ಮಗುವನ್ನು ಹಿಡಿದ ಹಾಗೆ?
ಹೊಟ್ಟೆಗೆ ಅವುಚಿಕೊಳ್ಳಿ. ಕುಂಡೆ ಹಿಂದೆ ಹೋಗಲಿ, ನಾಚಬೇಡಿ.
ತಿರುಗುವಾಗ ಪಾದ ತಿರುಗಲಿ, ಸೊಂಟ ಅಲ್ಲ.
ಮೆಟ್ಟಿಲು ಎಣಿಸಬೇಡಿ.

ಯಾವ ಜಿಮ್ಮು, ಎಂದುಬಿಟ್ಟೆ; ಬಾಯಿಗೆ ಬಂದದ್ದೇ ಅದು.
ಅವಳ ನಗು ನನಗಿಂತ ಮೊದಲು ಗುಡ್ಡ ಹತ್ತಿತು.

ಮರುದಿನ ತರಬೇತಿಯ ಹುಡುಗ ಯೆರ್ಕೊಗೆ ಹೇಳಿದೆ:
ಯಂತ್ರಗಳು ಇರಲಿ, ಅವುಗಳ ಮೇಲೆ ಕೋಪವಿಲ್ಲ,
ನನಗೊಂದು ಮೂಲೆ ಕೊಡು.
ಹಡಗಿನವರ ಹಳೇ ಚೀಲಕ್ಕೆ ಮರಳು ತುಂಬಿದೆವು.
ನೆಲದಿಂದ ಎದೆಗೆ, ಎದೆಯಿಂದ ಹೆಗಲಿಗೆ.
ಒಂದೇ ಕೈಯಲ್ಲಿ ಬಕೆಟು ಹಿಡಿದು, ವಾಲದೆ,
ಬಾಗಿಲ ತನಕ ಹೋಗಿ ಬರುವುದು.
ಅಂಗಾತ ಮಲಗಿ, ಮುಷ್ಟಿಯ ಮೇಲೊಂದು ಬೂಟು ನಿಲ್ಲಿಸಿ,
ಅದು ಬೀಳದ ಹಾಗೆ ಎದ್ದು ನಿಲ್ಲುವುದು.
(ಬಿತ್ತು. ಮೂಗಿನ ಮೇಲೆ. ಎರಡು ಸಲ.)

ಬೆಂಚಿನ ಗೆಳೆಯರು ಕೇಳಿದರು: ಏನು, ಮನೆ ಖಾಲಿ ಮಾಡುತ್ತಿದ್ದೀಯಾ?
ಆಗಸ್ಟಿನಲ್ಲಿ ಅವರಲ್ಲೊಬ್ಬ,
ಕಾಲುಚೀಲ ಹಾಕಿಕೊಳ್ಳುವಾಗ ಬೆನ್ನು ಹಿಡಿದವನು,
ಸದ್ದಿಲ್ಲದೆ ಮೂಲೆಗೆ ಬಂದ. ಬಕೆಟು ಅವನಿಗೆ ಕೊಟ್ಟೆ.

ಈಗ ಏನನ್ನು ಮುಟ್ಟಿದರೂ ಕೈ ವಿಚಾರಿಸುತ್ತದೆ:
ನೆನೆದ ಕಂಬಳಿ, ಅಟ್ಟದ ಪೆಟ್ಟಿಗೆ,
ನಿದ್ದೆಹೋದ ಮೊಮ್ಮಗಳು.
ತೂಕ ಬೇರೆ, ಭಾರ ಬೇರೆ.
ತೂಕವನ್ನು ಕಬ್ಬಿಣದ ಬಿಲ್ಲೆಯ ಮೇಲೆ ಬರೆದಿರುತ್ತಾರೆ.
ಭಾರ ಎಷ್ಟೆಂದು ಎತ್ತಿದ ಮೇಲೆ ಗೊತ್ತು.

ಸೆಪ್ಟೆಂಬರಿನಲ್ಲಿ ಡಬ್ಬಿ ಮತ್ತೆ ಓಡಿತು.
ಮಂಡಿ ನೊಂದ ದಿನ ಅದರಲ್ಲೇ ಹೋಗುತ್ತೇನೆ, ನಾನೇನು ವೀರನಲ್ಲ.
ಉಳಿದ ದಿನ ಮೆಟ್ಟಿಲು.
ನಿನ್ನೆ ಎದುವಿಹಿಸ್ ಸಿಕ್ಕಳು, ಹೆಗಲ ಮೇಲೆ ಅದೇ ಸಿಲಿಂಡರು.
ಕೊಡಿ ಇಲ್ಲಿ, ಎಂದು ಎರಡೂ ಕೈ ಚಾಚಿದೆ,
ಪಾದ ಊರಿ, ಕುಂಡೆ ಹಿಂದೆ ಬಿಟ್ಟು, ಕಲಿತ ಹಾಗೆ.
ಮೇಲಿಂದ ಕೆಳಗೆ ಒಮ್ಮೆ ನೋಡಿದಳು.
ಹಲ್ಲಿನ ನಡುವಿನಿಂದ ರಶೀದಿ ತೆಗೆದು
ಅದನ್ನು ಕೊಟ್ಟಳು.