ಹತ್ತರವರೆಗೆ

ವಿರಾಜಪೇಟೆಯ ನಮ್ಮ ಕಾಲೇಜಿಗೆ ಗಂಟೆಯೆಂದರೆ
ಒಂದು ತುಂಡು ರೈಲುಕಂಬಿ, ಬಡಿಯಲು ಬೋಲ್ಟು.
ರೈಲೇ ಇಲ್ಲದ ಜಿಲ್ಲೆಗೆ ಇದು ಹೇಗೆ ಬಂತು, ಬೆಳ್ಯಪ್ಪ?
ಕೇಳಿದರು ದೇಚಮ್ಮ ಮೇಡಂ, ಸೇರಿದ ದಿನವೇ.
ಪ್ರಿನ್ಸಿಪಾಲರನ್ನು ಕೇಳಿ, ಅಂದೆ.
ಹೋಗಲಿಲ್ಲ. ನಿಂತೇ ಇದ್ದರು
ನಾನೇ ಏನಾದರೂ ಯೋಚಿಸುವವರೆಗೆ.

ತತ್ವಶಾಸ್ತ್ರಕ್ಕೆ ಆ ವರ್ಷ ಹತ್ತೊಂಬತ್ತು ಮಂದಿ.
ಆಮೇಲೆ ಒಂಬತ್ತು. ಆಮೇಲೆ ಕಾಮರ್ಸ್ ಬಂತು.
ಕೊನೆಗೆ ಒಬ್ಬಳೇ ಒಬ್ಬಳು, ಅಮ್ಮತ್ತಿ ಕಡೆಯ ಸಫಿಯಾ.
ಖಾಲಿ ಬೆಂಚುಗಳಿಗೆ ಅಂಜುತ್ತಾಳೆಂದು
ನನ್ನನ್ನು ಕರೆದು ಅವಳ ಹಿಂದೆ ಕೂರಿಸಿದರು,
ಮೊಣಕಾಲ ಮೇಲೆ ಬೀಗದಕೈ ಗೊಂಚಲು.
'ಇರುವುದು' ಅಂದರೆ ಏನು?
ಕೇಳಿ, ಕಿಟಕಿಯ ಕಡೆ ತಿರುಗಿದರು.
ಮೇಜಿನ ಅಂಚಿನಲ್ಲಿ ಬೆರಳು ಎಣಿಸುತ್ತಿತ್ತು.
ಗಂಟೆ ಹೊಡೆಯುವವನಿಗೆ ಎಣಿಕೆ ತಿಳಿಯುತ್ತದೆ: ಹತ್ತು.
ಏಳಕ್ಕೆ ಸಫಿಯಾ ಬಾಯಿ ತೆರೆದಳು.
ಆವತ್ತು ಗಂಟೆ ನಾಲ್ಕು ನಿಮಿಷ ತಡ.
ಮೆಮೋ ಬಂತು. ಜೋಪಾನವಾಗಿ ಇಟ್ಟಿದ್ದೇನೆ.

ವಿಭಾಗ ಮುಚ್ಚಿದರು. ಬೋರ್ಡು ನಾನೇ ಇಳಿಸಿದೆ,
ಹಿಂದೆ ಎರಡು ಹಲ್ಲಿಮೊಟ್ಟೆ.
ಮೇಡಂ ಸಿಕ್ಕಿದ ಜೀಪು ಹತ್ತಿ
ಲೈನ್‌ಮನೆ ಮಕ್ಕಳ ಶಾಲೆಗಳಿಗೆ ಹೋಗತೊಡಗಿದರು,
ಮೇಷ್ಟರುಗಳಿಗೆ ಹೇಳಿಕೊಡಲು. ಏನನ್ನು?
ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ, ಹತ್ತರವರೆಗೆ.
ಅಷ್ಟೇ. ಬ್ಲಾಕ್ ಆಫೀಸಿನಲ್ಲಿ ನಕ್ಕರು:
ಸುಮ್ಮನಿರುವುದನ್ನು ಯಾವ ಕಾಲಂನಲ್ಲಿ ಬರೆಯೋಣ, ಅಮ್ಮಾ?

ರಿಟೈರಾದ ಮೇಲೆ ನಾನೂ ಒಮ್ಮೆ ಹೋದೆ, ತಿತಿಮತಿಯ ಆಚೆ.
ದಾರಿಯಲ್ಲಿ ಆನೆಯೆಂದು ಶಾಲೆ ಶುರುವಾದದ್ದು ಹತ್ತೂವರೆಗೆ.
ನೆರಳು ಯಾರದು, ಮರದ್ದೋ ಬಿಸಿಲಿನದೋ?
ಹೊಸ ಮೇಷ್ಟ್ರು ಕೇಳಿದ. ಕತ್ತಿನ ನರ ಬಿಗಿದಿತ್ತು, ಪಾಪ.
ಉತ್ತರವನ್ನು ನಾಲಿಗೆಯ ಮೇಲಿಟ್ಟುಕೊಂಡು
ನುಂಗದೆ, ಉಗುಳದೆ ನಿಲ್ಲುವುದು
ಸುಲಭದ ಕೆಲಸವಲ್ಲ.
ಆರು. ಏಳು. ದೂರದಲ್ಲಿ ಪಲ್ಪರ್ ಯಂತ್ರ.
ಹಿಂದಿನ ಸಾಲಿನಿಂದ ಚೋಮಿ, ಎರವರ ಹುಡುಗಿ,
ತನ್ನ ಮಾತಿನಲ್ಲೇ ಏನೋ ಅಂದಳು.
ಮೇಷ್ಟ್ರಿಗೆ ತಿಳಿಯಲಿಲ್ಲ. ಮೇಡಂಗೂ.
ಮೂವತ್ತೊಂದು ವರ್ಷ ಪಾಠ ಹೇಳಿದವರು
ಸೀರೆ ಒತ್ತಿಕೊಂಡು ಅವಳ ಪಕ್ಕ ನೆಲಕ್ಕೆ ಕೂತು,
ನನಗೆ ಗೊತ್ತಾಗಲಿಲ್ಲ ಮಗಾ, ನೀನು ಏನಂದೆ? ಅಂದರು.

ಅವಳು ಮತ್ತೆ ಹೇಳಲಿಲ್ಲ.
ಮೇಡಂ ಮುಖವನ್ನೇ ನೋಡುತ್ತ
ಬೆರಳು ಮಡಚತೊಡಗಿದಳು,
ಒಂದು, ಎರಡು.