ಶಿಕ್ಷಕಿ ಹದಿನಾಲ್ಕು

ಆ ಪುಸ್ತಕದಲ್ಲಿ ನನಗೆ ಹೆಸರಿಲ್ಲ.
ಪುಟ ಎಂಬತ್ತೊಂದು, ಕೋಷ್ಟಕ ಆರು, ಶಿಕ್ಷಕಿ ಹದಿನಾಲ್ಕು:
ಮಾಜಾಳಿ ಕಡೆಯ ಶಾಲೆ, ಅನುಭವ ಎರಡು ವರ್ಷ,
ಪ್ರಶ್ನೆ ಕೇಳಿದ ಮೇಲೆ ಕಾಯುವ ಸಮಯ
ಸೊನ್ನೆ ದಶಮಾಂಶ ಒಂಬತ್ತು ಸೆಕೆಂಡು.

ಪ್ರೊಫೆಸರ್ ಮುಕ್ತಾ ಹರಿಕಂತ್ರ ಬರುತ್ತಿದ್ದುದು
ಕಾಳಿ ಸೇತುವೆ ದಾಟುವ ಎಂಟೂಕಾಲರ ಬಸ್ಸಿಗೆ.
ಮೂರನೇ ಇಯತ್ತೆಯ ಹಿಂದಿನ ಬೆಂಚಿನಲ್ಲಿ
ಮೊಣಕಾಲು ಮಡಚಿ ಹೇಗೋ ತೂರಿಕೊಂಡು
ಓಟದ ಪಂದ್ಯದ ಗಡಿಯಾರ ಒತ್ತುತ್ತಿದ್ದರು.
ತಪ್ಪು ಹಿಡಿಯಲು ಬಂದವರೆಂದು
ಬೋರ್ಡು ಎರಡು ಸಲ ಒರೆಸಿದೆ.

ಮೀನು ಉಸಿರಾಡುವುದು ಹೇಗೆ?
ನಾನೇ ಕೇಳಿದೆ, ನಾನೇ ಹೇಳಿದೆ. ಕಿವಿರಿನಿಂದ. ಬರೆದುಕೊಳ್ಳಿ.
ಬರೆದುಕೊಂಡವು,
ಕಿವಿರೆತ್ತಿ ಒಳಗಿನ ಕೆಂಪು ನೋಡಿ
ಬಂಗಡೆ ಇವತ್ತಿನದೋ ನಿನ್ನೆಯದೋ ಹೇಳಬಲ್ಲ ಮಕ್ಕಳು.

ಚಹಾದ ಹೊತ್ತಿಗೆ ಅದರ ಮಾತೇ ಇಲ್ಲ.
ತಮ್ಮ ಆಯಿಯ ಸುದ್ದಿ ತೆಗೆದರು:
ಬೈತಖೋಲದಲ್ಲಿ ಬುಟ್ಟಿ ಇಟ್ಟು ಕೂರುವವಳು
ಗಿರಾಕಿ ಬೆಲೆ ಕೇಳಿದರೆ ತಕ್ಷಣ ಬಾಯಿ ಬಿಡಳಂತೆ,
ಮೀನಿನ ಮೇಲೆ ನೀರು ಚಿಮುಕಿಸುವಳಂತೆ.
"ಆ ಚಿಮುಕಿಸುವಷ್ಟು ಹೊತ್ತು, ಅಕ್ಕೋರೇ,
ಅದನ್ನೇ ಇಪ್ಪತ್ತು ವರ್ಷದಿಂದ ಅಳೀತಾ ಇದ್ದೇನೆ."

ಮರುವಾರದಿಂದ ಪ್ರಶ್ನೆ ಕೇಳಿ ಕಿಟಕಿಯ ಸರಳು ಎಣಿಸಿದೆ.
ಮೂರನೆಯದಕ್ಕೆ ಗಂಟಲು ತುರಿಸಿತು.
ಐದಕ್ಕೆ ಹೊರಗೆ ಐಸಿನ ಲಾರಿ ಹಿಂದೆ ಸರಿಯಿತು.
ಏಳಕ್ಕೆ ಎರಡು ಕೈ ಎದ್ದವು.
ಶಾಂಬಾ ತಾಂಡೇಲನದು ಏಳಲಿಲ್ಲ,
ಸರಳುಗಳೇ ಮುಗಿದವು.

ಗಂಟೆ ಹೊಡೆದ ಮೇಲೆ ನಲ್ಲಿಯ ಹತ್ತಿರ
ತಟ್ಟೆ ತೊಳೆಯುತ್ತ ಕೊಂಕಣಿಯಲ್ಲಿ ಹೇಳಿದ:
ದೋಣಿಯ ತಳದಲ್ಲಿ ಮೀನು ಉಸಿರು ಹುಡುಕುವುದು
ರಾತ್ರಿ ಕೇಳಿಸುತ್ತದೆ.
ಆಗ ಅಪ್ಪ ರೇಡಿಯೋ ಹಾಕುತ್ತಾನೆ.

ಪ್ರೊಫೆಸರ್ ಬರೆದುಕೊಂಡರು. ಆಮೇಲೆ ಗೀಟು ಎಳೆದರು.
ಗಂಟೆಯಾದ ಮೇಲಿನದು ಲೆಕ್ಕಕ್ಕಿಲ್ಲ,
ಅದಕ್ಕೆ ಕಾಲಮ್ಮು ಇಲ್ಲ.

ಈ ಮೇ ತಿಂಗಳು ಅವರ ನಿವೃತ್ತಿ.
ಕಾರವಾರದ ಸಭೆಯಲ್ಲಿ ಶಾಲು, ಗಂಧದ ಹಾರ,
ಮಾರ್ಗದರ್ಶನ ಪಡೆದವರ ಉದ್ದ ಪಟ್ಟಿ.
ಅವರ ವಿದ್ಯಾರ್ಥಿನಿಯೊಬ್ಬಳು, ಧೈರ್ಯವಂತೆ,
ಗುಟ್ಟಾಗಿ ಅಳೆದದ್ದನ್ನು ಮೈಕಿನಲ್ಲಿ ಹೇಳಿದಳು:
ಮೇಡಂ ತಮ್ಮ ಪಾಠದಲ್ಲಿ ಪ್ರಶ್ನೆ ಕೇಳಿ ಕಾಯುವುದು
ಸೊನ್ನೆ ದಶಮಾಂಶ ಏಳು.
ಎಲ್ಲರಿಗಿಂತ ಮೊದಲು ನಕ್ಕವರು ಅವರೇ.
ನನಗೆ ಮಾತ್ರ, ಸುಳ್ಳೇಕೆ, ಒಳಗೊಳಗೇ ಖುಷಿ.

ಸಂಜೆ ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ
ಹಾರ ಚೀಲಕ್ಕೆ ತುರುಕುತ್ತ ಕೂತಿದ್ದರು.
ಕೇಳಿಯೇ ಬಿಟ್ಟೆ: ಆ ರೇಡಿಯೋ
ಕೊನೆಗೂ ಎಲ್ಲಾದರೂ ಬರೆದಿರಾ ಮೇಡಂ?

ಮಾಜಾಳಿ ಬಸ್ಸು ಬಂತು, ಕಂಡಕ್ಟರು ಕೂಗಿದ, ಹೋಯಿತು.
ಅವರ ಬೆರಳು ಚೀಲದ ಜಿಪ್ಪಿನ ಮೇಲೇ ಇತ್ತು.
ಮುಂದಿನದು ಏಳೂ ಹತ್ತಕ್ಕೆ.